ಸ್ಪೋರ್ಟ್ಸ್ ಕಾರಿನ ಇಂಜಿನ್ ಆಯಿಲ್: ಕೊಡಗಿನ ಮಳೆ, ಘಾಟಿ, ಇಳಿಜಾರಲ್ಲಿ ತೊಂದ್ರೆ ಹುಡುಕೋದು ಹೇಗೆ

ಹೋದ ಮಳೆಗಾಲದಲ್ಲಿ ಒಂದಿನ ಬೆಳಿಗ್ಗೆ ಕಾರಿನ ಆಯಿಲ್ ಮುಚ್ಚಳ ತೆಗ್ದು ನೋಡ್ತೀನಿ, ಒಳಗಡೆ ಪೂರ್ತಿ ಮಜ್ಜಿಗೆ ಕಡೆದಾಗ ಮೇಲೆ ಬರೋ ಬೆಣ್ಣೆ ತರ ಬೆಳ್ಳಗೆ ಅಂಟ್ಕೊಂಡಿದೆ. ಎದೆ ಧಸಕ್ ಅಂತು. ಫೋಟೋ ತೆಗ್ದು ದೊಡ್ಡ ಊರಿನ ಒಂದು ಗ್ಯಾರೇಜ್‌ಗೆ ಕಳ್ಸಿದೆ, ಅವ್ರು ಫೋಟೋ ನೋಡೇ ಹೆಡ್ ಗ್ಯಾಸ್ಕೆಟ್ (ಇಂಜಿನ್ ತಣ್ಣಗಿಡೋ ನೀರು, ಅಂದ್ರೆ ಕೂಲೆಂಟ್, ಆಯಿಲ್ ಜೊತೆ ಸೇರದ ಹಾಗೆ ತಡೆಯೋ ಸೀಲ್) ಹೋಗಿದೆ, ಇಂಜಿನ್ ಬಿಚ್ಬೇಕು, ಗಾಡಿ ಲಾರಿ ಮೇಲೆ ಹಾಕಿ ಕಳ್ಸಿ ಅಂದ್ಬಿಟ್ರು. ನಾನು ಕಳ್ಸಲಿಲ್ಲ, ಯಾಕಂದ್ರೆ ಕೂಲೆಂಟ್ ಒಂದು ಚಮಚದಷ್ಟೂ ಇಳಿದಿರಲಿಲ್ಲ, ಡಿಪ್‌ಸ್ಟಿಕ್ (ಆಯಿಲ್ ಲೆವೆಲ್ ನೋಡೋ ಕಡ್ಡಿ) ಮೇಲಿನ ಆಯಿಲ್ ಜೇನುತುಪ್ಪದ ಬಣ್ಣದಲ್ಲೇ ಇತ್ತು, ಮತ್ತೆ ಆ ಒಂದೂವರೆ ತಿಂಗಳು ಗಾಡಿ ಓಡಿದ್ದು ತೋಟದ ಮನೆಯಿಂದ ಸುಂಟಿಕೊಪ್ಪಕ್ಕೆ 5 ಕಿಲೋಮೀಟ್ರು, ವಾಪಸ್ 5 ಕಿಲೋಮೀಟ್ರು ಅಷ್ಟೇ. ಮಳೆ ಸ್ವಲ್ಪ ಹೊಳವಾದ ದಿನ ಮುಚ್ಚಳ ಒರೆಸಿ ಮೈಸೂರಿಗೆ ಹೋಗಿ ಬಂದೆ. ತೆಗ್ದು ನೋಡಿದ್ರೆ ಮುಚ್ಚಳ ಶುದ್ಧವಾಗಿತ್ತು. ಇಂಜಿನ್‌ಗೆ ಏನೂ ಆಗಿರಲಿಲ್ಲ.

ಇದನ್ನ ಬರೀತಿರೋದು ಅದಕ್ಕೇನೇ. ಆಯಿಲ್ ಬಗ್ಗೆ ನಮಗೆ ಸಿಗೋ ಸಲಹೆ ಹೆಚ್ಚಿಂದು ಸಪಾಟು ರಸ್ತೆ, ಒಣ ಹವೆ ಇರೋ ಕಡೆಯವರದ್ದು. ಇಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಮನೆ ಗೋಡೆನೇ ಬೆವರುತ್ತೆ, ಅಂಗಳದಲ್ಲಿ ಸಮ ಜಾಗ ಹುಡುಕಿದ್ರೂ ಸಿಗಲ್ಲ, ಯಾವ ದಿಕ್ಕಿಗೆ ಹೋದ್ರೂ ಒಂದು ಘಾಟಿ. ಈ ಮೂರೂ ಸೇರ್ಕೊಂಡು ಚೆನ್ನಾಗಿರೋ ಇಂಜಿನ್ನನ್ನ ಕೆಟ್ಟಿದೆ ಅಂತ ತೋರಿಸ್ತವೆ, ಕೆಲವು ಸಲ ಕೆಟ್ಟಿರೋದನ್ನ ಮುಚ್ಚಿಡ್ತವೆ. ಹಾಗಾಗಿ ಏನೇ ಲಕ್ಷಣ ಕಂಡ್ರೂ ಅದು ಯಾವಾಗ ಬರುತ್ತೆ ಅಂತ ಮೊದ್ಲು ನೋಡ್ಕೊಳಿ: ತಣ್ಣಗಿದ್ದಾಗಲಾ ಬಿಸಿಯಾದ್ಮೇಲಾ, ಏರಲ್ಲಾ ಇಳಿಜಾರಲ್ಲಾ, ರಾತ್ರಿಯಿಡೀ ನಿಂತ್ಮೇಲಾ ಓಡ್ತಿರೋವಾಗಲಾ. ಅರ್ಧ ಉತ್ತರ ಅಲ್ಲೇ ಇರುತ್ತೆ.

ಒಂದು ವಿಷ್ಯದಲ್ಲಿ ಮಾತ್ರ ಯೋಚ್ನೆ ಮಾಡ್ತಾ ಕೂರೋ ಹಾಗಿಲ್ಲ. ಡ್ಯಾಶ್‌ಬೋರ್ಡಲ್ಲಿ ಎಣ್ಣೆ ಗಿಂಡಿ ಚಿತ್ರ ಹಳದಿ ಬಂದ್ರೆ ಸಾಮಾನ್ಯವಾಗಿ ಲೆವೆಲ್ ಕಮ್ಮಿ ಅಂತ, ಜಾಗ ನೋಡಿ ನಿಲ್ಲಿಸಿ ಚೆಕ್ ಮಾಡ್ಬಹುದು. ಕೆಂಪು ಬಂದ್ರೆ ಪ್ರೆಶರ್ ಇಲ್ಲ ಅಂತ. ಕ್ರ್ಯಾಂಕ್‌ಗೂ (ಇಂಜಿನ್ ಒಳಗೆ ತಿರುಗೋ ಮುಖ್ಯ ದಂಡ) ಅದನ್ನ ಹಿಡಿದಿರೋ ಬೇರಿಂಗ್‌ಗೂ ಮಧ್ಯ ಇರೋದು ಕೂದಲಿಗಿಂತ ತೆಳು ಆಯಿಲ್ ಪದರ ಒಂದೇ, ಅದು ಹೋದ್ರೆ ಲೋಹಕ್ಕೆ ಲೋಹ ತಿಕ್ಕಕ್ಕೆ ಸೆಕೆಂಡುಗಳು ಸಾಕು. ಇನ್ನೊಂದು ತಿರುವು ದಾಟಿ ನಿಲ್ಲಿಸೋಣ, ಕೊಯನಾಡು ಬರ್ಲಿ ಅಂತ ಹೋದವರ ಇಂಜಿನ್ ಉಳಿಯಲ್ಲ. ಆದ್ರೆ ಘಾಟಿ ಇಳೀತಿರೋವಾಗ್ಲೇ ಕೀ ತಿರುಗಿಸ್ಬೇಡಿ, ಬ್ರೇಕ್ ಬೂಸ್ಟರೂ ಸ್ಟೀರಿಂಗ್ ಪವರೂ ಹೋಗುತ್ತೆ, ಜೀವ ಇಂಜಿನ್‌ಗಿಂತ ದೊಡ್ಡದು. ಮೊದ್ಲು ಎಡಕ್ಕೆ ತೆಗ್ದು ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೀರಿ, ತಕ್ಷಣ ಆಫ್ ಮಾಡಿ. ಲೆವೆಲ್ ಸರಿ ಇದ್ದೂ ಕೆಂಪು ಲೈಟ್ ಬಂದಿದ್ರೆ ಮತ್ತೆ ಸ್ಟಾರ್ಟ್ ಮಾಡೋ ಪ್ರಯೋಗ ಬೇಡ, ಫ್ಲಾಟ್‌ಬೆಡ್ ಲಾರಿ ಕರೆಸಿ.

ಇನ್ನು ಲೆವೆಲ್ ನೋಡೋದು. ತುಂಬ ಸುಲಭ ಅಂತ ಅಂದ್ಕೊಂಡು ತುಂಬ ಜನ ತಪ್ಪು ಮಾಡೋದು ಇಲ್ಲೇ. ನನ್ನ ಚಿಕ್ಕಪ್ಪನ ಮಗ ಅವನ ಮನೆ ಏರಲ್ಲಿ ಮೂತಿ ಮೇಲೆ ಮಾಡಿ ನಿಲ್ಲಿಸಿದ್ದ ಕಾರಲ್ಲಿ ಡಿಪ್‌ಸ್ಟಿಕ್ ನೋಡಿ, ಕಮ್ಮಿ ಇದೆ ಅಂತ ಒಂದು ಲೀಟರ್ ಸುರಿದ. ಸಮ ಜಾಗದಲ್ಲಿ ನೋಡಿದ್ರೆ ಆಯಿಲ್ ಮೊದ್ಲೇ ಮ್ಯಾಕ್ಸ್ ಹತ್ರ ಇತ್ತು. ಅವತ್ತು ಮಧ್ಯಾಹ್ನನೇ ನೀಲಿ ಹೊಗೆ ಶುರುವಾಯ್ತು, ಯಾಕಂದ್ರೆ ಜಾಸ್ತಿಯಾದ ಆಯಿಲ್ಲನ್ನ ಕ್ರ್ಯಾಂಕ್ ಬಡಿದು ನೊರೆ ಎಬ್ಬಿಸುತ್ತೆ, ಆ ನೊರೆ ಆವಿ ಹೋಗೋ ಬ್ರೀದರ್ ಪೈಪಲ್ಲಿ ಹತ್ತಿ, ಇಂಜಿನ್ ಗಾಳಿ ಎಳ್ಕೊಳೋ ದಾರಿಯಾದ ಇನ್‌ಟೇಕ್‌ಗೆ ಹೋಗಿ ಸುಡುತ್ತೆ, ಮೇಲಿಂದ ನೊರೆ ಆಯಿಲ್ ಬೇರಿಂಗನ್ನ ಸರಿಯಾಗಿ ಕಾಯೋದೂ ಇಲ್ಲ. ಪಾಪ, ಅವನು ರಿಂಗ್ಸ್ (ಪಿಸ್ಟನ್ ಸುತ್ತ ಆಯಿಲ್ ತಡೆಯೋ ಬಳೆಗಳು) ಹೋಯ್ತು ಅಂತ ಎರಡು ದಿನ ಊಟ ಬಿಟ್ಟಿದ್ದ. ಜಾಸ್ತಿ ಇದ್ದಿದ್ದು ತೆಗೆಸಿದ್ಮೇಲೆ, ಪೈಪಲ್ಲಿ ಉಳಿದಿದ್ದೂ ಸುಟ್ಟುಹೋಗಿ, ಹೊಗೆ ನಿಂತ್ಹೋಯ್ತು.

ತೋಟ ಇರೋರಿಗೆ ಸಮ ಜಾಗ ಅಂದ್ರೆ ಕಾಫಿ ಒಣಗಿಸೋ ಕಣ. ಆದ್ರೆ ಸಿಮೆಂಟ್ ಕಣಕ್ಕೂ ನೀರು ಹರಿದು ಹೋಗ್ಲಿ ಅಂತ ಮೇಸ್ತ್ರಿ ಸ್ವಲ್ಪ ವಾಟ ಕೊಟ್ಟಿರ್ತಾನೆ, ಗಾರೆ ಕೆಲ್ಸದವ್ರ ಲೆವೆಲ್ ಪಟ್ಟಿ ಇಟ್ಟು ಒಂದ್ಸಲ ನೋಡಿ ಜಾಗ ಗುರುತು ಮಾಡ್ಕೊಳಿ, ಪ್ರತಿ ಸಲ ಅದೇ ಜಾಗ, ಅದೇ ದಿಕ್ಕು. ತೋಟ ಇಲ್ದೋರು ಪೆಟ್ರೋಲ್ ಬಂಕ್ ನೋಡ್ಕೊಳಿ. ಇಂಜಿನ್ ಚೆನ್ನಾಗಿ ಬಿಸಿಯಾಗಿರ್ಬೇಕು, ಆಫ್ ಮಾಡಿ 5ರಿಂದ 10 ನಿಮಿಷ ಬಿಡಿ, ಮೇಲಿರೋ ಆಯಿಲ್ ಇಂಜಿನ್ ತಳದ ತೊಟ್ಟಿ, ಅಂದ್ರೆ ಚೇಂಬರ್‌ಗೆ ಇಳೀಬೇಕು. ಕಡ್ಡಿ ಎಳ್ದು ಒರೆಸಿ, ಪೂರ್ತಿ ಒಳಗೆ ಹಾಕಿ, ಮತ್ತೆ ಎಳ್ದು ನೋಡಿ. ಎರಡೂ ಮುಖ ನೋಡಿ, ಕಮ್ಮಿ ತೋರಿಸೋ ಮುಖವೇ ಲೆಕ್ಕ. ಬಹಳಷ್ಟು ಕಾರಲ್ಲಿ ಮಿನ್‌ಗೂ ಮ್ಯಾಕ್ಸ್‌ಗೂ ಮಧ್ಯ ಸುಮಾರು 1 ಲೀಟರ್ ವ್ಯತ್ಯಾಸ, ಹಾಗಾಗಿ ಹಾಕೋವಾಗ 200 ಎಂ‌ಎಲ್ 200 ಎಂ‌ಎಲ್ ಹಾಕಿ ನೋಡ್ತಾ ಹೋಗಿ.

ಆದ್ರೆ ಇದು ಎಲ್ಲಾ ಕಾರಿಗೂ ನಡೆಯಲ್ಲ. ಪೋರ್ಷೆ 987 ಬಾಕ್ಸ್‌ಸ್ಟರ್, ಕೇಮನ್, 997 ಇವುಗಳಲ್ಲಿ ಡಿಪ್‌ಸ್ಟಿಕ್ಕೇ ಇಲ್ಲ, ಸೆನ್ಸರ್ ಅಳೆದು ಮೀಟರಲ್ಲಿ ತೋರಿಸುತ್ತೆ, ಗಾಡಿ ವಾಲಿದ್ರೆ ಅದರ ಲೆಕ್ಕನೂ ತಪ್ಪುತ್ತೆ. 1998ರ ತನಕ ಬಂದ ಏರ್‌ಕೂಲ್ಡ್ 911ಗಳಲ್ಲಿ ಡ್ರೈ ಸಂಪ್, ಅಂದ್ರೆ ಆಯಿಲ್ ಬೇರೆ ಟ್ಯಾಂಕಲ್ಲಿರುತ್ತೆ, ಅಲ್ಲಿ ಇಂಜಿನ್ ಬಿಸಿಯಾಗಿ ಐಡ್ಲಿಂಗಲ್ಲಿ ಓಡ್ತಿರೋವಾಗ್ಲೇ ನೋಡ್ಬೇಕು. ಆಫ್ ಮಾಡಿ ನೋಡಿದ್ರೆ ಖಾಲಿ ಅನ್ಸುತ್ತೆ, ಸುರಿದುಬಿಡ್ತೀರಿ. ನಿಮ್ಮ ಕಾರಿನ ಪುಸ್ತಕದಲ್ಲಿ ಆ ಒಂದು ಪುಟ ಹುಡುಕಿ ಓದಿ, ಇದರಲ್ಲಿ ಊಹೆ ಬೇಡ.

ನಮ್ಮ ತೋಟಗಳಲ್ಲಿ ದಿನಾ ಬೆಳಿಗ್ಗೆ ಮಳೆ ಅಳೆದು ಇಷ್ಟು ಇಂಚು ಇಷ್ಟು ಸೆಂಟ್ ಅಂತ ಬರೆಯೋ ಪುಸ್ತಕ ಇರುತ್ತಲ್ಲ, ನಾನು ಅದರ ಕೊನೇ ಪುಟಗಳಲ್ಲೇ ಕಾರಿನ ಆಯಿಲ್ ಲೆಕ್ಕ ಬರೀತೀನಿ. ತಾರೀಕು, ಕಿಲೋಮೀಟ್ರು, ಲೆವೆಲ್ ಎಲ್ಲಿತ್ತು, ಎಷ್ಟು ಹಾಕಿದೆ, ಆ ವಾರ ಎಲ್ಲೆಲ್ಲಿ ಓಡಿತ್ತು. ಆಯಿಲ್ ತಿನ್ನುತ್ತೆ ಅಂತ ಬಾಯಲ್ಲಿ ಹೇಳಿದ್ರೆ ಯಾವ ಮೆಕ್ಯಾನಿಕ್‌ಗೂ ಏನೂ ಗೊತ್ತಾಗಲ್ಲ, 1,000 ಕಿಲೋಮೀಟ್ರಿಗೆ 300 ಎಂ‌ಎಲ್ ಅಂದ್ರೆ ಅದು ಮಾತು. ವೇಗದ ಕಾರುಗಳು ಸ್ವಲ್ಪ ಆಯಿಲ್ ಕುಡಿಯೋದು ಸಹಜ, ಫೋಕ್ಸ್‌ವ್ಯಾಗನ್ ಗುಂಪಿನ ಕಾರುಗಳ ಪುಸ್ತಕದಲ್ಲಿ 1,000 ಕಿಲೋಮೀಟ್ರಿಗೆ ಅರ್ಧ ಲೀಟರ್ ತನಕ ಅಂತ ಇರುತ್ತೆ, ಪೋರ್ಷೆಯ ಕೆಲವು ಹಳೇ ಮಾಡೆಲ್‌ಗಳದ್ದರಲ್ಲಿ 1.5 ಲೀಟರ್ ತನಕ ಬರ್ದಿದ್ದಾರೆ. ಮಾಜ್ದಾ ಆರ್‌ಎಕ್ಸ್-8 ತರದ ರೋಟರಿ ಇಂಜಿನ್ ಅಂತೂ ಒಳಗಿನ ಸೀಲ್‌ಗಳಿಗೆ ಜಿಡ್ಡು ಸಿಗ್ಲಿ ಅಂತ ಪಂಪ್ ಇಟ್ಟು ಬೇಕಂತ್ಲೇ ಆಯಿಲ್ ಸುಡುತ್ತೆ. ನನ್ನ ಅಭಿಪ್ರಾಯದಲ್ಲಿ ಪುಸ್ತಕದ ಈ ದೊಡ್ಡ ಅಂಕಿಗಳಿಗಿಂತ ನಿಮ್ಮ ಕಾರು ಮೊದ್ಲು ಎಷ್ಟು ಕುಡೀತಿತ್ತು ಈಗ ಎಷ್ಟು ಅನ್ನೋ ಬದಲಾವಣೆನೇ ಮುಖ್ಯ. 100 ಎಂ‌ಎಲ್ ಕುಡೀತಿದ್ದಿದ್ದು ಆರು ತಿಂಗಳಲ್ಲಿ 400 ಆದ್ರೆ ಪುಸ್ತಕ ಪರವಾಗಿಲ್ಲ ಅಂದ್ರೂ ನಾನು ಹುಡುಕ್ತೀನಿ.

ಲೆವೆಲ್ ಇಳಿಯೋದಕ್ಕೆ ಎಲ್ಲ ಹೆದರ್ತಾರೆ, ಏರೋದಕ್ಕೆ ಯಾರೂ ಹೆದರಲ್ಲ. ನೀವು ಹಾಕ್ದೇನೇ ಲೆವೆಲ್ ಮೇಲೆ ಹೋಗ್ತಿದೆ ಅಂದ್ರೆ ಒಳಗೆ ಪೆಟ್ರೋಲ್ ಸೇರ್ತಿದೆ ಇಲ್ಲಾ ನೀರು ಸೇರ್ತಿದೆ. ಡಿಪ್‌ಸ್ಟಿಕ್ ಮೂಸಿ ನೋಡಿ, ಪೆಟ್ರೋಲ್ ವಾಸ್ನೆ ಗೊತ್ತಾಗೇ ಆಗುತ್ತೆ. ಪೆಟ್ರೋಲ್ ನೇರ ಸಿಲಿಂಡರ್ ಒಳಗೇ ಚಿಮ್ಮಿಸೋ ಡೈರೆಕ್ಟ್ ಇಂಜೆಕ್ಷನ್ ಟರ್ಬೊ ಇಂಜಿನ್‌ಗಳಲ್ಲಿ ತಣ್ಣಗಿರೋವಾಗ ಪೆಟ್ರೋಲ್ ಸಿಲಿಂಡರ್ ಗೋಡೆ ತೊಳ್ಕೊಂಡು ಕೆಳಗಿಳಿಯುತ್ತೆ, ದೂರ ಓಡಿ ಆಯಿಲ್ ಕಾದ್ರೆ ಆವಿಯಾಗಿ ಹೋಗುತ್ತೆ, ಬರೀ 5 ಕಿಲೋಮೀಟ್ರು ಓಡಿಸ್ತಿದ್ರೆ ಅಲ್ಲೇ ಉಳ್ಕೊಂಡು ಆಯಿಲ್ ತೆಳ್ಳಗೆ ಮಾಡುತ್ತೆ. ದೂರ ಓಡಿಸಿದ್ರೂ ಏರ್ತಿದ್ರೆ ಸೋರೋ ಇಂಜೆಕ್ಟರ್, ಮಿಸ್‌ಫೈರ್, ಹೈ ಪ್ರೆಶರ್ ಪಂಪಿನ ಸೀಲ್ ಚೆಕ್ ಮಾಡ್ಸಿ, ಜೊತೆಗೆ ಆಯಿಲ್ ಬದಲಾಯಿಸಿ, ಹಾಗೇ ಓಡಿಸ್ಬೇಡಿ.

ಈಗ ಆ ಬೆಣ್ಣೆ ವಿಷ್ಯ. ಪೆಟ್ರೋಲ್ ಸುಟ್ಟಾಗ ನೀರಿನ ಆವಿ ಬರುತ್ತೆ, ಅದರಲ್ಲಿ ಸ್ವಲ್ಪ ರಿಂಗ್ಸ್ ದಾಟಿ ಚೇಂಬರ್‌ಗೆ ಬರುತ್ತೆ, ಮುಚ್ಚಳ ಇಂಜಿನ್ನಿನ ತಣ್ಣನೆ ಜಾಗ, ಅಲ್ಲಿ ಹನಿಯಾಗಿ ಆಯಿಲ್ ಜೊತೆ ಕಲೆತು ಬೆಳ್ಳಗಾಗುತ್ತೆ. ಆಯಿಲ್ 100 ಡಿಗ್ರಿ ಹತ್ರ ಹೋಗಿ ಸ್ವಲ್ಪ ಹೊತ್ತು ಇದ್ರೆ ನೀರು ಹೊರಟೋಗುತ್ತೆ. ಟೆಂಪರೇಚರ್ ಮುಳ್ಳು ಮಧ್ಯಕ್ಕೆ ಬಂದಿದ್ದು ನೋಡಿ ಇಂಜಿನ್ ಕಾದಿದೆ ಅಂದ್ಕೋಬೇಡಿ, ಅದು ಕೂಲೆಂಟ್ ಲೆಕ್ಕ, ಆಯಿಲ್ ಕಾಯಕ್ಕೆ ಅದಕ್ಕಿಂತ ತುಂಬ ಹೊತ್ತು ಬೇಕು, ಅದೂ ಜುಲೈ ತಿಂಗಳ ಮಡಿಕೇರಿ ಚಳಿ ಮಳೆಲಿ. ಹಾಗಾಗಿ ಹೀಗೆ ಪರೀಕ್ಷೆ ಮಾಡಿ: ಮುಚ್ಚಳ ಒರೆಸಿ, ಒಂದು ಗಂಟೆ ಬಿಡುವಿಲ್ಲದೆ ಓಡಿಸಿ, ಮರುದಿನ ತಣ್ಣಗಿರೋವಾಗ ನೋಡಿ. ಮುಚ್ಚಳದಲ್ಲಿ ಇಲ್ಲ, ಡಿಪ್‌ಸ್ಟಿಕ್ ಶುದ್ಧ, ಕೂಲೆಂಟ್ ಅಷ್ಟೇ ಇದೆ ಅಂದ್ರೆ ಅದು ಮಳೆಗಾಲದ ಬೆವರು ಅಷ್ಟೇ. ಡಿಪ್‌ಸ್ಟಿಕ್ಕೇ ಹಾಲು ಕಾಫಿ ಬಣ್ಣ, ಕೂಲೆಂಟ್ ವಾರವಾರ ಇಳೀತಿದೆ, ಸೈಲೆನ್ಸರಲ್ಲಿ ಬೆಳ್ಳನೆ ಹೊಗೆ ಸಿಹಿ ಸಿಹಿ ವಾಸ್ನೆ ಅಂದ್ರೆ ಗಾಡಿ ಸ್ಟಾರ್ಟ್ ಮಾಡೋದೇ ನಿಲ್ಲಿಸಿ.

ಇನ್ನೊಂದು ಬಗೆ ಇದೆ, ಕೂಲೆಂಟ್ ಬಾಟ್ಲಿ ಒಳಗೆ ಆಯಿಲ್ ತೇಲ್ತಿದೆ ಆದ್ರೆ ಆಯಿಲ್ ಚೆನ್ನಾಗೇ ಇದೆ. ಇಲ್ಲಿ ಮೊದಲ ಅನುಮಾನ ಆಯಿಲ್ ಕೂಲರ್ ಮೇಲೆ ಬರ್ಬೇಕು, ಯಾಕಂದ್ರೆ ಇಂಜಿನ್ ಓಡುವಾಗ ಆಯಿಲ್ ಪ್ರೆಶರ್ ಕೂಲೆಂಟ್‌ಗಿಂತ ಜಾಸ್ತಿ ಇರುತ್ತೆ, ಬಿರುಕು ಬಿಟ್ರೆ ಆಯಿಲ್ಲೇ ನೀರಿನ ಕಡೆ ನುಗ್ಗುತ್ತೆ. ಹೆಡ್ ಬಿಚ್ಚೋ ಮುಂಚೆ ಕೂಲರ್ ಪ್ರೆಶರ್ ಟೆಸ್ಟ್ ಮಾಡ್ಸಿ. ಆಯಿಲಲ್ಲಿ ನೀರಿದೆಯಾ ಅಂತ ಮನೇಲೇ ನೋಡಕ್ಕೆ ಹಳೇ ಕಾವಲಿ ಚೆನ್ನಾಗಿ ಕಾಯಿಸಿ, ಒಲೆಯಿಂದ ಇಳಿಸಿ ಆಚೆ ತಂದು ಒಂದು ಹನಿ ಆಯಿಲ್ ಬಿಡಿ, ಸಾಸಿವೆ ಸಿಡಿದ ಹಾಗೆ ಚಟಪಟ ಅಂದ್ರೆ ನೀರಿದೆ. ಕನ್ನಡಕ ಹಾಕ್ಕೊಳಿ, ಬೆಂಕಿ ಹತ್ರ ಮಾಡ್ಬೇಡಿ, ಆ ಕಾವಲಿ ಮತ್ತೆ ಅಡುಗೆಮನೆಗೆ ಹೋಗ್ಬಾರ್ದು.

ಮಳೇಲಿ ಘಾಟಿ ಇಳಿಯೋವಾಗ ಟೆಂಪರೇಚರ್ ಮುಳ್ಳು ಕೆಳಗೆ ಬೀಳ್ತಿದ್ರೆ ಥರ್ಮೋಸ್ಟಾಟ್ (ಇಂಜಿನ್ ಕಾಯೋ ತನಕ ಕೂಲೆಂಟ್ ತಡೆಯೋ ವಾಲ್ವ್) ತೆರೆದೇ ನಿಂತಿದೆ ಅಂತ. ಇಂಜಿನ್ ಯಾವತ್ತೂ ಪೂರ್ತಿ ಕಾಯಲ್ಲ, ಬೆಣ್ಣೆನೂ ಬರುತ್ತೆ, ಪೆಟ್ರೋಲೂ ಸೇರುತ್ತೆ. ಥರ್ಮೋಸ್ಟಾಟ್ ಬದಲಾಯಿಸೋ ಖರ್ಚು ಇಂಜಿನ್ ಬಿಚ್ಚೋ ಖರ್ಚಿನ ಮುಂದೆ ಏನೂ ಅಲ್ಲ.

ಹೊಗೆ ಓದೋದಕ್ಕೆ ಸಂಪಾಜೆ ಘಾಟಿಗಿಂತ ಒಳ್ಳೇ ಜಾಗ ನನಗೆ ಗೊತ್ತಿಲ್ಲ. ಮಡಿಕೇರಿ ಇರೋದು ಸುಮಾರು 1,150 ಮೀಟರ್ ಎತ್ತರದಲ್ಲಿ, ಅಲ್ಲಿಂದ ಸಂಪಾಜೆ ತನಕ ಒಂದೇ ಸಮ ಇಳಿಜಾರು. ಹಿಂದೆ ಇನ್ನೊಂದು ಗಾಡೀಲಿ ನೋಡಕ್ಕೆ ಒಬ್ರನ್ನ ಕರ್ಕೊಳಿ, ಟ್ರಾಫಿಕ್ ಇಲ್ಲದ ಬೆಳಗಿನ ಹೊತ್ತು ಹೋಗಿ. ಎರಡನೇ ಮೂರನೇ ಗೇರಲ್ಲಿ ಆಕ್ಸಲರೇಟರ್ ಬಿಟ್ಟು ಇಂಜಿನ್ ಬ್ರೇಕಲ್ಲೇ ಇಳೀರಿ, ಆಗ ಇನ್‌ಟೇಕಲ್ಲಿ ವ್ಯಾಕ್ಯೂಮ್ ಜೋರಾಗಿರುತ್ತೆ, ವಾಲ್ವ್ ಸೀಲ್ (ವಾಲ್ವ್ ಕಡ್ಡಿ ಸುತ್ತ ಆಯಿಲ್ ತಡೆಯೋ ರಬ್ಬರ್) ಸವೆದಿದ್ರೆ ಆಯಿಲ್ ಒಳಗೆ ಎಳ್ಕೊಳುತ್ತೆ. ಕೆಳಗೆ ಸಪಾಟು ಸಿಕ್ಕಿದ ತಕ್ಷಣ ಆಕ್ಸಲರೇಟರ್ ಒತ್ತಿದಾಗ ಭುಸ್ ಅಂತ ನೀಲಿ ಹೊಗೆ ಬಂದು ಆಮೇಲೆ ನಿಂತ್ರೆ ವಾಲ್ವ್ ಸೀಲ್. ವಾಪಸ್ ಏರು ಹತ್ತೋವಾಗ ಲೋಡಲ್ಲಿ ಉದ್ದಕ್ಕೂ ನೀಲಿ ಹೊಗೆ ಬರ್ತಾನೇ ಇದ್ರೆ ರಿಂಗ್ಸ್ ಅಥವಾ ಟರ್ಬೊ ಕಡೆ ನೋಡಿ, ಸಿಲಿಂಡರ್ ಒತ್ತಡ ಹಿಡಿದಿಡುತ್ತಾ ಅಂತ ನೋಡೋ ಕಂಪ್ರೆಷನ್ ಟೆಸ್ಟ್, ಆಗೋದಾದ್ರೆ ಲೀಕ್‌ಡೌನ್ ಟೆಸ್ಟೂ ಮಾಡ್ಸಿ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಮಾತ್ರ ಒಂದು ಮೋಡ ಬಂದು ಹೋದ್ರೆ ಅದೂ ಹೆಚ್ಚಾಗಿ ವಾಲ್ವ್ ಸೀಲೇ. ಪೋರ್ಷೆ, ಸುಬಾರು ತರ ಸಿಲಿಂಡರ್ ಮಲಗಿರೋ ಬಾಕ್ಸರ್ ಇಂಜಿನ್ ಇದ್ರೆ ಮಾತ್ರ ಬೇರೆ ಲೆಕ್ಕ, ಗಾಡಿ ಪಕ್ಕಕ್ಕೆ ವಾಲಿ ರಾತ್ರಿ ನಿಂತಿದ್ರೆ ಆಯಿಲ್ ರಿಂಗ್ಸ್ ದಾಟಿ ಸಿಲಿಂಡರ್‌ಗೆ ಇಳಿಯುತ್ತೆ, ಬೆಳಿಗ್ಗೆ ಸ್ವಲ್ಪ ಹೊಗೆ ಬಂದು ಹೋಗೋದು ಆ ಇಂಜಿನ್ನಿನ ಸ್ವಭಾವ.

ರಿಂಗ್ಸ್ ಅನ್ನೋ ತೀರ್ಮಾನಕ್ಕೆ ಬರೋ ಮುಂಚೆ ದಯವಿಟ್ಟು ಪಿಸಿವಿ ವಾಲ್ವ್ ನೋಡಿ. ಚೇಂಬರ್‌ನ ಆವಿಯನ್ನ ವಾಪಸ್ ಇನ್‌ಟೇಕ್‌ಗೆ ಕಳ್ಸೋ ಭಾಗ ಅದು, ಹಲವು ಕಾರಲ್ಲಿ ಅದರೊಳಗೆ ಒಂದು ರಬ್ಬರ್ ಪೊರೆ ಇರುತ್ತೆ, ಅದು ಹರಿದ್ರೆ ಇಂಜಿನ್ ಆಯಿಲ್ಲನ್ನೇ ಹೀರ್ಕೊಂಡು ಕುಡಿಯುತ್ತೆ. ಐಡ್ಲಿಂಗಲ್ಲಿ ಇಟ್ಟು ಆಯಿಲ್ ಮುಚ್ಚಳ ಎತ್ತಿ ನೋಡಿ. ಸ್ವಲ್ಪ ಎಳೆತ ಇರೋದು ಸರಿ, ಕೈಗೆ ಬರ್ದೇ ಇರೋ ಅಷ್ಟು ಗಟ್ಟಿ ಹಿಡ್ಕೊಂಡಿದ್ರೆ, ಶಿಳ್ಳೆ ಹೊಡೆದ ಹಾಗೆ ಸದ್ದು ಬಂದ್ರೆ ಪೊರೆ ಹರಿದಿದೆ. ಮುಚ್ಚಳ ಕುಣಿದು ಹೊಗೆ ಉಗುಳಿದ್ರೆ ಪಿಸಿವಿ ಕಟ್ಕೊಂಡಿದೆ ಇಲ್ಲಾ ರಿಂಗ್ಸ್ ನಿಜವಾಗ್ಲೂ ಸವೆದಿದೆ. ಎರಡು ನಿಮಿಷದ ಕೆಲ್ಸ, ಇದನ್ನ ಮಾಡ್ದೇ ಇಂಜಿನ್ ಬಿಚ್ಚಿಸಿದವ್ರನ್ನ ನೋಡಿದ್ದೀನಿ, ಹೊಟ್ಟೆ ಉರಿಯುತ್ತೆ.

ಲೀಕ್ ವಿಷ್ಯದಲ್ಲಿ ಸ್ಪೋರ್ಟ್ಸ್ ಕಾರಿಂದು ಒಂದು ತೊಂದ್ರೆ, ಹೊಟ್ಟೆ ಪೂರ್ತಿ ಪ್ಲಾಸ್ಟಿಕ್ ತಟ್ಟೆ ಮುಚ್ಚಿರುತ್ತೆ. ತಿಂಗಳುಗಟ್ಟಲೆ ಸೋರಿದ್ರೂ ನೆಲಕ್ಕೆ ಒಂದು ಹನಿ ಬೀಳಲ್ಲ, ಎಲ್ಲಾ ತಟ್ಟೇಲೇ ನಿಂತಿರುತ್ತೆ, ನೆಲಕ್ಕೆ ಬಿದ್ದದ್ದನ್ನೂ ನಮ್ಮ ಮಳೆ ತೊಳೆದುಬಿಡುತ್ತೆ. ತಟ್ಟೆ ಬಿಚ್ಚಿ, ಇಂಜಿನ್ ಡಿಗ್ರೀಸರ್ ಹಾಕಿ ತೊಳೆದು ಒಣಗಿಸಿ, 50 ಕಿಲೋಮೀಟ್ರು ಓಡಿಸಿ ನೋಡಿ. ಗಾಳಿಗೆ ಆಯಿಲ್ ಹಿಂದಕ್ಕೆ ಹರಡುತ್ತೆ, ಆದ್ರಿಂದ ಒದ್ದೆ ಇರೋ ಜಾಗಗಳಲ್ಲಿ ಎಲ್ಲಕ್ಕಿಂತ ಮೇಲೆ, ಎಲ್ಲಕ್ಕಿಂತ ಮುಂದೆ ಇರೋದೇ ಮೂಲ. ಟ್ಯಾಪೆಟ್ ಕವರ್ ಗ್ಯಾಸ್ಕೆಟ್, ಫಿಲ್ಟರ್ ಹೌಸಿಂಗ್, ಟರ್ಬೊ ರಿಟರ್ನ್ ಪೈಪ್, ಡ್ರೈನ್ ಬೋಲ್ಟಿನ ವಾಷರ್, ಗೇರ್‌ಬಾಕ್ಸ್ ಸೇರೋ ಜಾಗದ ಹಿಂದಿನ ಸೀಲ್, ಹೆಚ್ಚಾಗಿ ಇವೇ. ಜೊತೆಗೆ ಚೇಂಬರ್ ತಳ ಕೈಯಾಡಿಸಿ ನೋಡಿ, ತೋಟದ ರಸ್ತೆ ಕಲ್ಲು, ಊರೂರಿನ ಹಂಪು ತಗುಲಿ ಒಳಗೆ ತಗ್ಗಾಗಿದ್ರೆ ಆಯಿಲ್ ಎಳೆಯೋ ಪೈಪಿನ ಬಾಯಿಗೇ ಅಡ್ಡ ಬರ್ಬಹುದು, ಲೀಕ್ ಇಲ್ದಿದ್ರೂ ಪ್ರೆಶರ್ ಬೀಳುತ್ತೆ.

ಪ್ರೆಶರ್ ಬಗ್ಗೆ ಹಳೇ ಕೈಲೆಕ್ಕ ಏನಂದ್ರೆ ಬಿಸಿ ಇಂಜಿನಲ್ಲಿ ಪ್ರತಿ 1,000 ಆರ್‌ಪಿಎಂಗೆ 10 ಪಿಎಸ್‌ಐ. ನಿಮ್ಮ ಕಾರಿನ ನಿಜವಾದ ಅಂಕಿ ವರ್ಕ್‌ಶಾಪ್ ಪುಸ್ತಕದಲ್ಲಿರುತ್ತೆ. ಬಿಸಿಯಾದ್ಮೇಲೆ ಐಡ್ಲಿಂಗಲ್ಲಿ ಲೈಟ್ ಮಿಣುಕಿದ್ರೆ ಓಡಿಸೋದು ನಿಲ್ಲಿಸಿ, ಸೆನ್ಸರ್ ಬಿಚ್ಚಿ ಅದೇ ತೂತಿಗೆ ಮೆಕ್ಯಾನಿಕಲ್ ಗೇಜ್ ಹಾಕ್ಸಿ ಅಳೆಸಿ. ಗೇಜ್ ಸರಿ ತೋರಿಸಿದ್ರೆ ಸೆನ್ಸರ್ ಕೆಟ್ಟಿದೆ, ಗೇಜೂ ಕಮ್ಮಿ ತೋರಿಸಿದ್ರೆ ತೆಳ್ಳಗಾದ ಆಯಿಲ್, ಪಂಪ್, ಆಯಿಲ್ ಎಳೆಯೋ ಪೈಪಿನ ಬಾಯಲ್ಲಿ ಕಟ್ಕೊಂಡ ಜಾಲರಿ, ಕೊನೆಗೆ ಬೇರಿಂಗ್. ತಿರುವಲ್ಲಿ ಮಾತ್ರ ಪ್ರೆಶರ್ ಬಿದ್ರೆ ಆಯಿಲ್ ಒಂದು ಕಡೆ ಸರಿದು ಪೈಪಿನ ಬಾಯಿ ಗಾಳಿ ಎಳೀತಿದೆ. ಮಾಕುಟ್ಟ ಘಾಟೀಲಿ ಮೂತಿ ಕೆಳಗೆ ಮಾಡಿ ಬ್ರೇಕ್ ಒತ್ತಿ ತಿರುಗಿಸ್ತಿದ್ರೆ ಚೇಂಬರಲ್ಲಿರೋ ಆಯಿಲ್ ಪೂರ್ತಿ ಮುಂದಿನ ಮೂಲೆಗೆ ಹೋಗುತ್ತೆ, ಹಾಗಾಗಿ ಘಾಟಿಗೆ ಹೋಗೋ ದಿನ ಲೆವೆಲ್ ಮೇಲಿನ ಅರ್ಧದಲ್ಲಿ ಇರ್ಲೇಬೇಕು ಅನ್ನೋದು ನನ್ನ ನಿಯಮ.

ಪ್ರೆಶರ್ ಕಮ್ಮಿ ಅಂದ ಕೂಡ್ಲೆ ದಪ್ಪ ಆಯಿಲ್ ಹಾಕು, 20ಡಬ್ಲ್ಯು-50 ಹಾಕು ಅನ್ನೋರು ಎಲ್ಲಾ ಊರಲ್ಲೂ ಸಿಗ್ತಾರೆ. ಗೇಜ್ ಮೇಲೆ ಹೋಗುತ್ತೆ ನಿಜ, ಸವೆದ ಬೇರಿಂಗ್ ಸವೆದೇ ಇರುತ್ತೆ, ತಣ್ಣಗಿರೋವಾಗ ಟರ್ಬೊಗೂ ಕ್ಯಾಮ್ ಟೈಮಿಂಗ್ ಭಾಗಗಳಿಗೂ ಆಯಿಲ್ ತಲುಪೋದು ತಡವಾಗುತ್ತೆ. ಕಂಪನಿ ಹೇಳಿದ ಗ್ರೇಡ್ ಮತ್ತು ಅಪ್ರೂವಲ್ ಎರಡೂ ನೋಡಿ, ಪೋರ್ಷೆ ಎ40, ಫೋಕ್ಸ್‌ವ್ಯಾಗನ್ 502 00 ಅಂತ ಡಬ್ಬದ ಹಿಂದೆ ಬರ್ದಿರುತ್ತೆ. ಬಿಎಂಡಬ್ಲ್ಯುದ ಇ46 ಎಂ3ಗೆ ಕಂಪನಿಯೇ 10ಡಬ್ಲ್ಯು-60 ಹೇಳುತ್ತೆ, ಅದು ಆ ಇಂಜಿನ್‌ಗೆ, ನಿಮ್ಮದಕ್ಕಲ್ಲ.

ಆಯಿಲ್ ಬದಲಾಯಿಸೋದು ನಾನು ಮಳೆ ಮುಗಿದ್ಮೇಲೆ, ತುಲಾ ಸಂಕ್ರಮಣದ ಆಸುಪಾಸಲ್ಲಿ, ವರ್ಷದಲ್ಲಿ 3,000 ಕಿಲೋಮೀಟ್ರೇ ಓಡಿದ್ರೂ ಸರಿ, ನಾಲ್ಕು ತಿಂಗಳ ತೇವ ಮತ್ತೆ ಆಸಿಡ್ ಅದರಲ್ಲಿ ಸೇರಿರುತ್ತೆ. ಹಳೇ ಫಿಲ್ಟರ್ ಬಿಸಾಡಕ್ಕೆ ಬಿಡ್ಬೇಡಿ, ಇಷ್ಟು ಹೊತ್ತು ಹೇಳಿದ ಎಲ್ಲಾದಕ್ಕಿಂತ ಹೆಚ್ಚು ಸತ್ಯ ಹೇಳೋದು ಅದೇ. ಕಾಗದದ ಫಿಲ್ಟರ್ ಇದ್ರೆ ಮಡಿಕೆ ಬಿಡಿಸಿ, ತಗಡಿನ ಡಬ್ಬ ಇದ್ರೆ ಫಿಲ್ಟರ್ ಕಟ್ಟರಲ್ಲೇ ಕತ್ತರಿಸಿ, ಹ್ಯಾಕ್ಸಾ ಹಾಕಿದ್ರೆ ಅದರ ಪುಡಿನೇ ಬಿದ್ದು ಮೋಸ ಆಗುತ್ತೆ. ಕಾಗದ ವೈಸಲ್ಲಿ ಹಿಂಡಿ, ಬೆಳ್ಳನೆ ಬಟ್ಟೆ ಮೇಲೆ ಹರಡಿ ಬಿಸಿಲಲ್ಲಿ ನೋಡಿ, ಅಯಸ್ಕಾಂತ ಆಡಿಸಿ. ಅಂಟ್ಕೊಂಡ್ರೆ ಕಬ್ಬಿಣ, ಹೊಳೀತಿದ್ದೂ ಅಂಟದೆ ಇದ್ರೆ ಪಿಸ್ಟನ್ ಅಥವಾ ಹೆಡ್ ಕಡೆಯ ಅಲ್ಯುಮಿನಿಯಂ ಇರ್ಬಹುದು, ಬೇರಿಂಗಿನ ಮೇಲಿನ ಪದರವೂ ಇರ್ಬಹುದು. ಕಂದು ಪ್ಲಾಸ್ಟಿಕ್ ಚೂರು ಬಂದ್ರೆ ಟೈಮಿಂಗ್ ಚೈನಿನ ಗೈಡ್ ಸವೀತಿದೆ. ಧೂಳಿನ ಹಾಗೆ ನಾಲ್ಕು ಮಿಣುಕು ಇದ್ರೆ ಹೆದರ್ಬೇಡಿ, ಪುಸ್ತಕದಲ್ಲಿ ಬರ್ದಿಟ್ಟು 2,000 ಕಿಲೋಮೀಟ್ರಿಗೆ ಇನ್ನೊಂದ್ಸಲ ಬಿಚ್ಚಿ ನೋಡಿ, ಆಗ ಒಂದು ಸಣ್ಣ ಬಾಟ್ಲಿ ಆಯಿಲ್ ಲ್ಯಾಬ್‌ಗೂ ಕಳ್ಸಿ. ತಾಮ್ರದ ಬಣ್ಣದ ಹಕ್ಕಳೆ ಬೆರಳಿಗೆ ಸಿಕ್ಕಿದ್ರೆ ಅದು ಬೇರಿಂಗಿನ ಒಳಗಿನ ಪದರ, ಮೇಲಿನ ಪದರ ಆಗ್ಲೇ ಹೋಗಿದೆ ಅಂತ ಲೆಕ್ಕ. ಹೊಸ ಆಯಿಲ್ ಹಾಕಿದ್ರೂ ಆ ಕಾರನ್ನ ಸ್ಟಾರ್ಟ್ ಮಾಡ್ಬೇಡಿ, ಕಣದಲ್ಲೇ ನಿಲ್ಲಲಿ, ಚೇಂಬರ್ ಬಿಚ್ಚಿ ಬೇರಿಂಗ್ ನೋಡೋ ಮೆಕ್ಯಾನಿಕ್ಕನ್ನ ಅಲ್ಲಿಗೇ ಕರೆಸಿ.